ಮೆಣಸಿನ ಬಳ್ಳಿ ಸಾಕಿದ ತಪ್ಪಿಗೆ

ಬೇರೆಯವರ ಮನೆಯಲ್ಲಿ ಗಿಡ ನೆಟ್ಟರೆ ಗಿಡ ಬೆಳೆಯುತ್ತೆ. ನಮ್ಮ ಮನೆಯಲ್ಲಿ ಗಿಡದ ಜೊತೆಗೆ ಒಂದೊಂದು ರಾದ್ಧಾಂತವೂ ಬೆಳೆಯುತ್ತೆ. ಅದಕ್ಕೆ ಗೊಬ್ಬರ ಬೇಡ, ನೀರು ಬೇಡ, ಮೂರು ಹೊತ್ತೂ ಚಿಗುರುತ್ತೆ.

ನಾನು ಮೂವತ್ತು ವರ್ಷ ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಫುಟ್‌ಬೋರ್ಡಿನಲ್ಲಿ ನೇತಾಡೋ ಕಾಲೇಜು ಹುಡುಗರು, ಎರಡು ಸ್ಟಾಪು ಹೆಚ್ಚಿಗೆ ಬಂದು ನಿದ್ದೆ ಬಂದಿತ್ತು ಅನ್ನೋರು, ಚೀಲದೊಳಗೆ ಕೋಳಿ ಇಟ್ಟುಕೊಂಡು ಅದು ಕೂಗಿದಾಗ ತಾವೇ ಕೆಮ್ಮೋರು, ಎಲ್ಲರನ್ನೂ ಸಂಭಾಳಿಸಿದ್ದೇನೆ. ಆದರೆ ರಿಟೈರಾದ ಮೇಲೆ ಕೆಸರೆಯ ನಮ್ಮ ಮನೆ ಮುಂದೆ ಒಂದೇ ಒಂದು ಕಾಳುಮೆಣಸಿನ ಬಳ್ಳಿ ಸಂಭಾಳಿಸೋ ಹೊತ್ತಿಗೆ ತಲೆಯಲ್ಲಿದ್ದ ನಾಲ್ಕು ಕೂದಲೂ ಉದುರಿಹೋದವು.

ಮೆಣಸೇ ಯಾಕೆ ಅಂತ ಕೇಳಬಹುದು. ರಿಟೈರಾದ ಮೊದಲ ವಾರ ನಾನು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಇದು ಹೀಗಿರಬೇಕು, ಅದು ಹಾಗಿರಬೇಕು ಅಂತ ಹೇಳಿದೆ. ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ರೀ, ಹೊರಗಡೆ ಏನಾದ್ರೂ ಗಿಡ ಗಂಟಿ ಬೆಳೆಸ್ಕೊಳ್ಳಿ ಹೋಗಿ" ಅಂದಳು. ಆಗ ನನ್ನ ಕೈಯಲ್ಲಿದ್ದದ್ದು ಮೆಣಸಿನ ಡಬ್ಬಿ. ಅಷ್ಟೇ ಕಾರಣ. ಸಾಸಿವೆ ಡಬ್ಬಿ ಇದ್ದಿದ್ದರೆ ಇವತ್ತು ನೆಮ್ಮದಿಯಾಗಿ ಇರ್ತಿದ್ದೆ.

ಎರಡು ವರ್ಷ ನೀರು ಹೊಯ್ದದ್ದು

ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಗಿಡ ಮಾರೋನೊಬ್ಬ ಬರ್ತಾನೆ. ಮೆಣಸಿನ ಗಿಡ ಇದೆಯೇನಪ್ಪ ಅಂದೆ. "ಇದೇ ನೋಡಿ ಸಾರ್" ಅಂತ ಗುಲಾಬಿ ಗಿಡದ ಹಿಂದಿನಿಂದ ಒಂದು ಪುಟ್ಟ ಬಳ್ಳಿ ತೆಗೆದ. "ಮೆಣಸೇ ತಾನೆ?" ಅಂದೆ. "ಅಲ್ಲದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ ಸಾರ್" ಅಂದ. ಅವನ ಹೆಸರೇನು ಅಂತ ನಾನು ಕೇಳಲಿಲ್ಲ. ಅದು ನನ್ನ ಮೊದಲನೇ ತಪ್ಪು.

ಕುಂಡ ತಂದು, ಕೆಮ್ಮಣ್ಣು, ಮರಳು, ಸಗಣಿ ಗೊಬ್ಬರ ಬೆರೆಸಿ, ಮೆಟ್ಟಿಲ ಪಕ್ಕ ನೆರಳಿನಲ್ಲಿ ಇಟ್ಟು ನೆಟ್ಟೆ. ನಾವು ಒಕ್ಕಲು ಮಕ್ಕಳು, ಮಣ್ಣು ಬೆರೆಸೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಳ್ಳಿ ಜೋರಾಗಿ ಹಬ್ಬಿತು. ಅಗಲವಾದ, ಹಸಿರು ಹಸಿರಾದ ಎಲೆ. ದಿನಾ ಬೆಳಿಗ್ಗೆ ಎದ್ದು ಹೂ ಬಿಟ್ಟಿದೆಯಾ, ಕಾಯಿ ಕಟ್ಟಿದೆಯಾ ಅಂತ ನೋಡೋದು. ಒಂದು ವರ್ಷ ಆಯ್ತು, ಎರಡು ವರ್ಷ ಆಯ್ತು, ಎಲೆ ಬಿಟ್ಟರೆ ಬೇರೇನೂ ಇಲ್ಲ. ಮೆಣಸು ತಡವಾಗೇ ಬಿಡೋದು ಅಂತ ಹೆಂಡತಿಗೆ ಸಮಾಧಾನ ಹೇಳ್ತಿದ್ದೆ.

ಒಂದು ಮಧ್ಯಾಹ್ನ ಊಟ ಮಾಡಿ ಹೊರಗೆ ಬರ್ತೀನಿ, ಮೂರು ಮನೆ ಆಚೆಯ ಅಜ್ಜಿ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ನೋಡ್ತಾ ಇದ್ದ ಹಾಗೇ ನನ್ನ ಬಳ್ಳಿಯಿಂದ ಎರಡು ಎಲೆ ಚಿವುಟಿದರು. ಸೆರಗಿನಲ್ಲಿ ಒರೆಸಿದರು. ಸೊಂಟದ ಚೀಲ ಬಿಚ್ಚಿ, ಸುಣ್ಣ ತೆಗೆದು, ಎಲೆಯ ಬೆನ್ನಿಗೆ ಸವರಿ, ಅಡಿಕೆ ಚೂರಿಟ್ಟು ಮಡಿಚಿ ದವಡೆಗೆ ತಳ್ಳಿದರು.

"ಅಯ್ಯಯ್ಯೋ ಅಜ್ಜೀ! ಉಗೀರಿ, ಉಗೀರಿ! ಮೆಣಸಿನೆಲೆ ಅದು, ಬಾಯಿ ಸುಟ್ಟುಹೋಗುತ್ತೆ!"

ಅಜ್ಜಿ ನಿಧಾನಕ್ಕೆ ಅಗಿಯುತ್ತಾ ನನ್ನ ಮುಖ ನೋಡಿದರು. "ಯಾವ ಮೂದೇವಿ ಯೋಳ್ದೋನು ನಿಂಗೆ ಇದು ಮೆಣಸು ಅಂತ? ವೀಳ್ಯದೆಲೆ ಕಣಪ್ಪ ಇದು. ಆರು ತಿಂಗಳಿಂದ ದಿನಾ ಉಂಡ್ಮೇಲೆ ಇಲ್ಲೇ ಬಂದು ತಿಂತಾ ಇವ್ನಿ."

ಒಳಗಿನಿಂದ ನನ್ನ ಹೆಂಡತಿ ನಗೋ ಶಬ್ದ ಕೇಳಿಸಿತು. ಮದುವೆಯಲ್ಲಿ ಅಷ್ಟೊಂದು ತಾಂಬೂಲ ತೊಗೊಂಡೋರಿಗೆ ವೀಳ್ಯದೆಲೆ ಗುರುತು ಸಿಗಲಿಲ್ವಾ ಅಂತ ಆಮೇಲೆ ಒಂದು ವಾರ ಕೇಳಿದಳು. ನಾನು ಎಲೆ ನೋಡಿರೋದು ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿಟ್ಟಾಗ. ಅದು ಬಳ್ಳಿಯಲ್ಲಿದ್ದಾಗ ಮೆಣಸಿನ ಹಾಗೇ ಇರುತ್ತೆ ಅಂತ ನನಗೇನು ಗೊತ್ತು?

ಅಜ್ಜಿ ಏಳೋವಾಗ ಮಂಡಿ ಹಿಡಕೊಂಡು ಹೇಳಿದರು. "ಎಲೆ ಆಯ್ತು. ಪಕ್ಕದಲ್ಲೇ ಒಂದ್ ಅಡಿಕೆ ಗಿಡಾನೂ ಆಕ್ಬುಡಪ್ಪ. ನಂಗೆ ಅಂಗ್ಡಿಗೆ ಓಗೋದು ತಪ್ತದೆ."

ಕಂಬಳಿಹುಳುವಿನ ಷರತ್ತು

ಛಲ ಬಂತು. ಆ ವೀಳ್ಯದ ಬಳ್ಳಿಯನ್ನು ಕುಂಡದ ಸಮೇತ ಬಿಸಾಕಿದೆ. ಯಾದವಗಿರಿಯಲ್ಲಿ ಒಂದು ದೊಡ್ಡ ಮನೆಯ ಕಾಂಪೌಂಡಿನೊಳಗೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇರೋದನ್ನು ಡ್ಯೂಟಿಯಲ್ಲಿದ್ದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಕಾಳು ಕಟ್ಟಿದ್ದನ್ನೂ ನೋಡಿದ್ದೆ, ಹಾಗಾಗಿ ಅನುಮಾನವಿಲ್ಲ. ಹೋಗಿ ಗೇಟು ತಟ್ಟಿದೆ. ಆ ಮನೆಯ ವಯಸ್ಸಾದ ಯಜಮಾನಿ ಹೊರಗೆ ಬಂದು ಶುರು ಮಾಡಿದರು. ಎಲ್ಲಿ ನೆಡ್ತೀರ? ಬೇರಿನ ಹತ್ರ ನೀರು ನಿಲ್ಲುತ್ತಾ? ಬಿಸಿಲು ಎಷ್ಟು ಹೊತ್ತು? ಹತ್ತೋಕೆ ಮರ ಇದೆಯಾ, ಗೋಡೆನಾ? ನಾನು ಹೆಣ್ಣು ಕೇಳೋಕೆ ಹೋದಾಗ ನಮ್ಮ ಮಾವ ಕೂಡ ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ ಮೂರು ಗೆಣ್ಣಿರೋ ಎರಡು ತುಂಡು ಬಳ್ಳಿ ಕೊಟ್ಟರು. ಕೊಡೋವಾಗಲೂ ಮನಸ್ಸಿರಲಿಲ್ಲ, ಎರಡು ಸಲ ಕೈ ಹಿಂದಕ್ಕೆಳೆದರು.

ನಮ್ಮ ಗೇಟಿನ ಪಕ್ಕದ ನುಗ್ಗೆ ಮರದ ಬುಡದಲ್ಲಿ ನೆಟ್ಟೆ. ಒಂದು ಬದುಕಿತು. ಮೂರು ವರ್ಷದಲ್ಲಿ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮರವನ್ನು ತಬ್ಬಿಕೊಂಡು ನನ್ನ ತಲೆಯಿಂದ ಎರಡಾಳು ಮೇಲಕ್ಕೆ ಹೋಯಿತು. ನೋಡಿದರೆ ಹೊಟ್ಟೆ ತಣ್ಣಗಾಗೋದು. ಮೆಣಸು ಮಾತ್ರ ಇಲ್ಲ.

ಕಳೆದ ಮೇ ತಿಂಗಳಲ್ಲಿ ಎರಡು ಮಳೆ ಬಿತ್ತು. ನುಗ್ಗೆ ಮರ ಇರೋರಿಗೆ ಗೊತ್ತು, ಮಳೆ ಬಿತ್ತು ಅಂದ್ರೆ ಕಾಂಡದ ತುಂಬ ಕಂಬಳಿಹುಳು. ಅದರ ಕೆಳಗೇ ನಮ್ಮ ಬಟ್ಟೆ ಒಣಗಿಸೋ ಹಗ್ಗ. ಒಂದು ದಿನ ನನ್ನ ಹೆಂಡತಿ ಒಣಗಿದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಳು. ಹತ್ತು ನಿಮಿಷಕ್ಕೆ ಮುಖ ಊದಿ ಕಣ್ಣು ಎಲ್ಲಿದೆ ಅಂತ ಹುಡುಕಬೇಕಾಯ್ತು. ಡಾಕ್ಟರ ಹತ್ರ ಕರೆದುಕೊಂಡು ಹೋಗಿ ಬಂದೆ. ಬಂದವಳು ಚಪ್ಪಲಿ ಬಿಡದೆ ಗೇಟಿನಲ್ಲೇ ನಿಂತಳು.

"ಆ ಮರ ಕಡಿಸ್ತೀನಿ."

"ಮೆಣಸು ಕಣೇ..."

"ಯಾವ ಮೆಣಸು? ಐದು ವರ್ಷದಿಂದ ಮೆಣಸು ಮೆಣಸು ಅಂತೀರ, ಒಂದು ಕಾಳು ತೋರಿಸಿ ನೋಡೋಣ." ಆಮೇಲೆ ಏನೆನ್ನಿಸಿತೋ, ಊದಿದ ಮುಖದಲ್ಲೇ ಒಂದು ಷರತ್ತು ಹಾಕಿದಳು. "ಆಯ್ತು. ಬರೋ ಸಂಕ್ರಾಂತಿ ದಿನ ನಿಮ್ಮ ಮೆಣಸಿನಲ್ಲೇ ಖಾರದ ಪೊಂಗಲ್ ಮಾಡಬೇಕು. ಮನೆಮಂದಿಗೆಲ್ಲ ಆಗೋ ಅಷ್ಟು. ಅಂಗಡಿ ಮೆಣಸು ಒಂದು ಕಾಳೂ ಬೆರೆಸೋ ಹಾಗಿಲ್ಲ. ಆಗಲಿಲ್ಲ ಅಂದ್ರೆ ಮಾರನೇ ದಿನ ಮರ ಹೋಯ್ತು, ಬಳ್ಳಿನೂ ಹೋಯ್ತು."

ನಾನು ಮೀಸೆ ತಿರುವಿ ಆಗಲಿ ಅಂದೆ. ಅವಳು ಅಲ್ಲೇ ನಿಂತು ಪಕ್ಕದ ಬೀದಿಯ ಮರ ಕಡಿಯೋನ ನಂಬರನ್ನು ಫೋನಿನಲ್ಲಿ ಹೆಸರು ಸಮೇತ ಸೇವ್ ಮಾಡಿಕೊಂಡಳು. ಅದೇ ಫೋನಿನಲ್ಲಿ ನನ್ನ ನಂಬರು ಇವತ್ತಿಗೂ ಹೆಸರಿಲ್ಲದೆ ಇದೆ.

ಸಂಜೆಯ ಅಭಿಷೇಕ

ನಮ್ಮ ಪಕ್ಕದ ಮನೆಯಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಇಲ್ಲ, ಕೇಳದೇ ಹೇಳೋದೊಂದೇ ತೊಂದರೆ. ಜೂನ್ ಮೊದಲ ವಾರ ಬಳ್ಳಿಯಲ್ಲಿ ಬೆರಳುದ್ದದ ಹಸಿರು ದಾರದಂಥ ಹೂಗೊಂಚಲು ಕಾಣಿಸಿದವು. ನಾನು ಕುಣಿಯೋದೊಂದು ಬಾಕಿ. ಮೇಷ್ಟ್ರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದರು.

"ಕಂಡಕ್ಟ್ರೇ, ಸಂತೋಷ ಪಡಬೇಡಿ. ಈಗ ಮಳೆ ಬೀಳಬೇಕು. ಮಳೆ ನೀರು ಗೊಂಚಲಿನ ಮೇಲಿಂದ ಕೆಳಕ್ಕೆ ಹರಿದ್ರೇನೇ ಪರಾಗ ಕೂಡೋದು. ಮಳೆ ಬರಲಿಲ್ಲಾಂದ್ರೆ ಹೂವೆಲ್ಲ ಜೊಳ್ಳು."

ಅವರು ಹೇಳಿದ್ದೇ ತಡ, ಮಳೆರಾಯ ಮೈಸೂರು ಬಿಟ್ಟು ಎಲ್ಲಿಗೋ ಹೊರಟುಹೋದ. ದಿನಾ ಮೋಡ ಬರೋದು, ಇಣುಕೋದು, ಹೋಗೋದು. ನಾನು ಎಷ್ಟು ದಿನ ಕಾಯಲಿ? ಸಂಜೆ ಐದಕ್ಕೆ ಸ್ಟೂಲ್ ಹತ್ತಿ, ತೂತಿರೋ ಷವರ್ ಕ್ಯಾನಿನಲ್ಲಿ ಬಳ್ಳಿಯ ಮೇಲಿಂದ ಕೆಳಗಿನ ತನಕ ನೀರು ಚಿಮುಕಿಸೋಕೆ ಶುರು ಮಾಡಿದೆ. ದಿನಕ್ಕೆ ನಾಲ್ಕು ಕ್ಯಾನು. ನಲ್ಲಿ ನೀರು ದಿನ ಬಿಟ್ಟು ದಿನ ಬರೋ ಬೀದಿ ನಮ್ಮದು. ಹೋಗೋರು ಬರೋರು ನಿಂತು ನೋಡ್ತಿದ್ದರು. ಬೈಕೋತಾರೆ ಅಂದುಕೊಂಡಿದ್ದೆ, ಬೈಲಿಲ್ಲ. ಕೈ ಮುಗಿದು ಹೋಗ್ತಿದ್ದರು. ರಿಟೈರಾದ ಮೇಲೆ ಮರ್ಯಾದೆ ಹೆಚ್ಚಾಗಿದೆ ಅಂತ ನಾನು ತಿಳ್ಕೊಂಡೆ.

ಒಂದು ಶುಕ್ರವಾರ ನೋಡ್ತೀನಿ, ಮರದ ಬುಡಕ್ಕೆ ಅರಿಶಿನ ಕುಂಕುಮ, ಎರಡು ಊದುಬತ್ತಿ, ಅರ್ಧ ಬಾಳೆಹಣ್ಣು. ಗುರುತಿಲ್ಲದ ಹೆಂಗಸೊಬ್ಬಳು ಮರ ಸುತ್ತೋಕೆ ನೋಡಿ, ಹಿಂದೆ ಕಾಂಪೌಂಡ್ ಅಡ್ಡ ಬಂದದ್ದರಿಂದ ಅರ್ಧ ಸುತ್ತು ಹೋಗಿ ಅರ್ಧ ಸುತ್ತು ವಾಪಸ್ ಬರ್ತಿದ್ದಾಳೆ.

"ಏನಮ್ಮ ಇದು?"

"ನೀವು ದಿನಾ ಅಭಿಷೇಕ ಮಾಡ್ತೀರಲ್ಲ ಸಾರ್. ನಮ್ಮ ಯಜಮಾನ್ರು ನೋಡ್ಕೊಂಡು ಬಂದು ಹೇಳಿದ್ರು. ನನ್ನ ಮಗ ಎಸ್ಸೆಸ್ಸೆಲ್ಸಿ ಗಣಿತ ಮತ್ತೆ ಬರೀತಾವ್ನೆ ಸಾರ್."

"ಇದು ದೇವರಲ್ಲ ಕಣಮ್ಮ, ಮೆಣಸಿನ ಬಳ್ಳಿ. ಹೂವಿಗೆ ನೀರು ಹಾಕ್ತಿರೋದು."

"ಇರ್ಲಿ ಬುಡಿ ಸಾರ್. ದೇವ್ರು ಯಾವ ರೂಪದಾಗಿರ್ತಾನೋ ಯಾರಿಗ್ ಗೊತ್ತು" ಅಂತ ಇನ್ನೊಂದು ಅರ್ಧ ಸುತ್ತು ಹಾಕಿದಳು.

ಹುಡುಗ ಪಾಸಾದ. ಆ ತಾಯಿ ಸಂತೋಷದಲ್ಲಿ ಓಡಿ ಬಂದು, ನಾನು ಬೇಡ ಬೇಡ ಅಂತ ಕೂಗ್ತಾ ಇದ್ದ ಹಾಗೇ ಮರದ ಕಾಂಡಕ್ಕೆ ತೆಂಗಿನಕಾಯಿ ಹೊಡೆದಳು. ಕಾಯಿ ಸರಿಯಾಗಿ ಎರಡು ಹೋಳಾಯ್ತು, ಬಳ್ಳಿಯ ಒಂದು ಕವಲೂ ಎರಡು ಹೋಳಾಯ್ತು. ಅದರಲ್ಲಿ ಒಂಬತ್ತು ಹೂಗೊಂಚಲು ಇದ್ದವು. ಲೆಕ್ಕ ಮಾಡೋವಾಗ ನನಗೆ ಅಳುವೇ ಬಂತು.

ನನ್ನ ಹೆಂಡತಿ ಆಕೆ ಕೊಟ್ಟ ಲಾಡು ತಿನ್ನುತ್ತಾ ಹೇಳಿದಳು. "ಪಾಪ, ನಿಮ್ಮ ಬಳ್ಳಿ ಎಲ್ಲರಿಗೂ ಕೇಳಿದ್ದು ಕೊಡುತ್ತೆ ಕಣ್ರೀ. ಮೆಣಸು ಒಂದು ಬಿಟ್ಟು."

ಹಬ್ಬದ ತಾಂಬೂಲ

ಶ್ರಾವಣದ ಹೊತ್ತಿಗೆ ಉಳಿದ ಗೊಂಚಲುಗಳಲ್ಲಿ ಸಾಸಿವೆ ಗಾತ್ರದ ಕಾಳು ಕೂತಿದ್ದವು. ದಿನಾ ಒಂದು ಸಲ ಎಣಿಸೋದು ಅಭ್ಯಾಸ ಆಗಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಿಗ್ಗೆ ಎಣಿಸೋಕೆ ಹೋದರೆ, ಕೈಗೆ ಎಟುಕೋ ಎತ್ತರದ ತನಕ ಬಳ್ಳಿ ಬೋಳು. ಗಂಡಸರ ತಲೆಗೆ ಕಟಿಂಗ್ ಮಾಡಿದ ಹಾಗೆ ಒಂದೇ ಮಟ್ಟಕ್ಕೆ ನಿಂತಿದೆ. ಎಲೆಯ ಎದುರಿಗೇ ಗೊಂಚಲು ಬಿಡೋದು, ಹಾಗಾಗಿ ಎಲೆ ಕಿತ್ತವರು ಆತುರದಲ್ಲಿ ಗೊಂಚಲನ್ನೂ ಸೇರಿಸಿ ಕಿತ್ತಿದ್ದಾರೆ.

ಬೆಳಗ್ಗೆ ವಾಕಿಂಗ್ ಬರೋರು ಕಂಡೋರ ಮನೆ ಹೂ ಕೀಳೋದು ಗೊತ್ತು. ಎಲೆ ಯಾರು ಕೀಳ್ತಾರೆ? ಬೀದಿಯಲ್ಲಿ ನಿಂತು ಕೂಗಾಡಿದೆ. ಯಾರೂ ಬಾಯಿ ಬಿಡಲಿಲ್ಲ.

ಸಂಜೆ ನನ್ನ ಹೆಂಡತಿ ಎದುರು ಮನೆಯವರ ಹತ್ರ ಅರಿಶಿನ ಕುಂಕುಮಕ್ಕೆ ಹೋಗಿ ಬಂದಳು. ಕೈಯಲ್ಲಿದ್ದ ತಾಂಬೂಲದ ಕವರನ್ನು ಮೇಜಿನ ಮೇಲಿಟ್ಟಳು. ತೆಂಗಿನಕಾಯಿ, ಬಾಳೆಹಣ್ಣು, ಬ್ಲೌಸ್ ಪೀಸು, ಅಡಿಕೆ. ಜೊತೆಗೆ ಎರಡು ಎಲೆ. ನನ್ನ ಎಲೆ! ಒಂದಕ್ಕೆ ಇನ್ನೂ ಗೊಂಚಲು ನೇತಾಡ್ತಾ ಇತ್ತು.

ನಾನು ಪಂಚೆ ಎತ್ತಿ ಕಟ್ಟಿಕೊಂಡು ಎದುರು ಮನೆಗೆ ಹೊರಟೆ. ಆ ಮನೆಯಾಕೆ ಬಾಗಿಲಲ್ಲೇ ಸಿಕ್ಕಿದರು. "ಅಯ್ಯೋ ಅಣ್ಣ, ಬೇಜಾರ್ ಮಾಡ್ಕೋಬೇಡಿ. ಹಬ್ಬದ ದಿನ ಮಾರ್ಕೆಟ್ಟಿನಲ್ಲಿ ಕಾಲಿಡೋಕೆ ಆಗಲ್ಲ. ನಿಮ್ಮ ಮನೆ ಮುಂದೆ ಇಷ್ಟೊಂದು ವೀಳ್ಯದೆಲೆ ಇದೆಯಲ್ಲ ಅಂತ ಮುತ್ತೈದೇರಿಗೆ ಆಗೋ ಅಷ್ಟು ಕಿತ್ಕೊಂಡೆ. ನಿಮಗೆ ಪುಣ್ಯ ಬರುತ್ತೆ."

"ಅದು ಮೆಣಸು ಕಣಮ್ಮಾ!"

"ಹೌದಾ? ಲಕ್ಷ್ಮಿ ಮುಂದೆನೂ ಅದನ್ನೇ ಇಟ್ಬುಟ್ಟೆನಲ್ಲ" ಅಂತ ಕೆನ್ನೆಗೆ ಕೈ ಹೊಡ್ಕೊಂಡರು. ನನ್ನ ನಷ್ಟಕ್ಕಲ್ಲ, ಲಕ್ಷ್ಮಿಗೆ ಖಾರ ಆಯ್ತಲ್ಲ ಅಂತ.

ಮರುದಿನ ಬೆಳಿಗ್ಗೆ ನಮ್ಮ ಗೇಟು ದಡಬಡ ಬಡಿಯೋ ಸದ್ದು. ನೋಡಿದರೆ ಅಜ್ಜಿ. ಅವರಿಗೂ ಅಲ್ಲಿ ತಾಂಬೂಲ ಸಿಕ್ಕಿದೆ, ಊಟ ಆದ ಮೇಲೆ ಸುಣ್ಣ ಸವರಿ ಹಾಕಿಕೊಂಡಿದ್ದಾರೆ. ನಾಲಿಗೆ ಆಚೆ ಚಾಚಿ ತೋರಿಸಿದರು.

"ಈ ಸತಿ ನಿನ್ ಎಲೆ ಕೆಟ್ಟೋಗದೆ ಕಣಪ್ಪ. ಮೊದ್ಲಿನ್ ಗಿಡವೇ ಚೆಂದಾಗಿತ್ತು. ಅದ್ಯಾಕ್ ಬದಲಾಯಿಸ್ದೆ?"

ದಸರಾ ಬಣ್ಣ

ಇನ್ನು ಉಳಿದದ್ದು ಮೇಲಿನ ಗೊಂಚಲುಗಳು ಮತ್ತು ಎದುರು ಮನೆಯಾಕೆಯ ಕೈ ಹೋಗದ ಸಂದಿಯಲ್ಲಿದ್ದ ಕೆಲವು. ಸಂಕ್ರಾಂತಿಗೆ ಇನ್ನೂ ಐದು ತಿಂಗಳು. ಗೇಟಿಗೆ ಬೀಗ ಹಾಕಿದೆ. ಬಳ್ಳಿಗೆ ಮುಳ್ಳಿನ ಕೊಂಬೆ ಕಟ್ಟಿದೆ. 'ಇದು ಮೆಣಸು, ವೀಳ್ಯದೆಲೆ ಅಲ್ಲ' ಅಂತ ಬೋರ್ಡು ಬರೆದು ನೇತುಹಾಕಿದೆ. ಇನ್ನೇನು ಮಾಡಬೇಕು ಒಬ್ಬ ಮನುಷ್ಯ?

ದಸರಾ ಬಂತು. ಬನ್ನಿಮಂಟಪದಲ್ಲಿ ನನ್ನ ಬಾಮೈದನ ಮನೆ. ಪಂಜಿನ ಕವಾಯತಿನ ರಿಹರ್ಸಲ್ಲು ನಮ್ಮ ಮಹಡಿ ಮೇಲಿಂದ ಕಾಣುತ್ತೆ ಬನ್ನಿ ಭಾವ ಅಂತ ಕರೆದ. ಹೋದೆ. ಮಹಡಿಯಿಂದ ಕಂಡದ್ದು ಮುಂದಿನ ಮನೆಯ ನೀರಿನ ಟ್ಯಾಂಕು, ಅದರ ಹಿಂದೆ ಸ್ವಲ್ಪ ಹೊಗೆ. ಅಲ್ಲೇ ಮಲಗಿ ಬೆಳಿಗ್ಗೆ ಬಂದೆ.

ಬಂದು ನೋಡಿದರೆ ನನ್ನ ನುಗ್ಗೆ ಮರಕ್ಕೆ ಸುಣ್ಣ ಒಂದು ಪಟ್ಟೆ, ಕೆಮ್ಮಣ್ಣು ಒಂದು ಪಟ್ಟೆ, ಮತ್ತೆ ಸುಣ್ಣ ಒಂದು ಪಟ್ಟೆ. ಮರಕ್ಕಾದರೆ ಹಾಳಾಗಿ ಹೋಗಲಿ. ಅದಕ್ಕೆ ತಬ್ಬಿಕೊಂಡಿದ್ದ ಬಳ್ಳಿ, ಎಲೆ, ಗೊಂಚಲು, ಕಾಳು, ನಾನು ಬರೆದ ಬೋರ್ಡು, ಎಲ್ಲದಕ್ಕೂ ಸುಣ್ಣ ಕೆಮ್ಮಣ್ಣು. ನಮ್ಮ ಬೀದಿಯ ಹುಡುಗರ ಸಂಘದವರು ದಸರಾಕ್ಕೆ ಅಂತ ಬೀದಿಯ ಮರಗಳಿಗೆಲ್ಲ ಬಣ್ಣ ಹೊಡೆದಿದ್ದಾರೆ. ಒಳಗೆ ಬಂದು ಹೊಡೀರಪ್ಪ ಅಂತ ಗೇಟಿನ ಬೀಗ ತೆಗೆದುಕೊಟ್ಟು, ಟೀ ಮಾಡಿಕೊಟ್ಟವಳು ನನ್ನ ಹೆಂಡತಿ. ಸುಣ್ಣ ಹೊಡೆದರೆ ಕಂಬಳಿಹುಳು ಬರಲ್ಲ ಅಂತ ಅವಳಿಗೆ ಯಾರೋ ಹೇಳಿದ್ದರಂತೆ.

ಸಂಘದ ಲೀಡರನ್ನು ಹಿಡಿದು ನಿಲ್ಲಿಸಿದೆ. "ಏನಯ್ಯಾ, ಮರಕ್ಕೆ ಹೊಡೀಲಿ ಸರಿ, ಎಲೆಗೂ ಹೊಡೀತಾರೇನಯ್ಯಾ?"

"ಎಲೆ ಬಿಟ್ಟು ಹೊಡೆದ್ರೆ ಪಟ್ಟೆ ನೆಟ್ಟಗೆ ಬರಲ್ಲ ಅಂಕಲ್" ಅಂದ.

ಜಂಬೂಸವಾರಿ ನೋಡೋಕೆ ಊರೆಲ್ಲ ಹೊರಟಿದ್ದಾಗ ನಾನು ಸ್ಟೂಲ್ ಹತ್ತಿ, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ, ಒಂದೊಂದೇ ಗೊಂಚಲು ಒರೆಸಿದೆ. ಕಾಳು ಉದುರದ ಹಾಗೆ ಎರಡು ಬೆರಳಲ್ಲಿ ಹಿಡಿದು, ಮಗುವಿನ ಮೂಗು ಒರೆಸಿದ ಹಾಗೆ. ಸಂಜೆ ಆಯ್ತು. ಸೊಂಟ ಹಿಡಕೊಂಡು ಒಳಗೆ ಬಂದು ಮಲಗಿದವನು ಬೆಳಿಗ್ಗೆ ಎಂಟಕ್ಕೆ ಎದ್ದೆ.

ಗೇಟಿನ ಹತ್ರ ಆ ಲೀಡರ್ ಹುಡುಗ ಕೈಯಲ್ಲಿ ಬ್ರಷ್ ಹಿಡಿದು ನಿಂತಿದ್ದ. "ಅಂಕಲ್, ಯಾರೋ ಕಿಡಿಗೇಡಿಗಳು ನಿಮ್ಮ ಮರದ ಬಣ್ಣ ಒರೆಸಿಬಿಟ್ಟಿದ್ರು. ಚಿಂತೆ ಮಾಡ್ಬೇಡಿ, ಎರಡು ಕೋಟ್ ಹೊಡೆದಿದ್ದೀವಿ."

ಸಂಕ್ರಾಂತಿಯ ಪೊಂಗಲ್

ಇಷ್ಟೆಲ್ಲ ಆದರೂ ಆ ಬಳ್ಳಿಗೆ ನನ್ನ ಮೇಲೆ ಅದೇನು ಕರುಣೆಯೋ, ಮೇಲೆ ಉಳಿದಿದ್ದ ಗೊಂಚಲುಗಳಲ್ಲಿ ಕಾಳು ದಪ್ಪಗಾದವು. ಜನವರಿ ಮೊದಲ ವಾರ ಒಂದು ಗೊಂಚಲಿನಲ್ಲಿ ಒಂದು ಕಾಳು ಕೆಂಪಾಯ್ತು. ಅದೇ ಕೊಯ್ಯೋ ಗುರುತು. ಏಣಿ ಹಾಕಿ ಕೊಯ್ದೆ. ಕೆಳಗೆ ಏಣಿ ಹಿಡಿದಿದ್ದ ನನ್ನ ಮಗಳು, "ಅಪ್ಪ, ಇಷ್ಟೇನಾ?" ಅಂದಳು. ಒಂದು ಸಣ್ಣ ಬಟ್ಟಲು ತುಂಬಿತ್ತು. ಆ ಬಟ್ಟಲನ್ನು ನಾನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದೆ.

ಕುದಿಯೋ ನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೀಬೇಕು, ಆಗಲೇ ಬೇಗ ಕಪ್ಪಾಗೋದು. ಮೇಷ್ಟ್ರು ವಾಚು ಹಿಡಿದು ಪರೀಕ್ಷೆ ಹಾಲಿನಲ್ಲಿ ನಿಂತ ಹಾಗೆ ನಿಂತು, "ತೆಗೀರಿ!" ಅಂದರು. ಆಮೇಲೆ ಐದು ದಿನ ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಒಣಗಿಸಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಛತ್ರಿ ಹಿಡಿದು ನಾನು ಕಾವಲು. ಅಳಿಲು, ಪಾರಿವಾಳ, ಎದುರು ಮನೆಯಾಕೆ, ಯಾರನ್ನೂ ಹತ್ತಿರ ಸೇರಿಸಲಿಲ್ಲ. ಊಟವೂ ಅಲ್ಲಿಗೇ ಬಂತು. ಹಸಿರಿದ್ದದ್ದು ಕಂದಾಗಿ, ಕಂದಿದ್ದದ್ದು ಕಪ್ಪಾಗಿ, ಮುಖದಲ್ಲಿ ಸುಕ್ಕು ಬಿದ್ದು, ಅಂಗಡಿಯ ಮೆಣಸಿನ ಹಾಗೇ ಆಯ್ತು. ಒಣಗಿದ ಮೇಲೆ ಒಂದು ಹಿಡಿ ಇತ್ತು. ಒಂದು ಹಿಡಿ ಸಾಕು. ಒಂದು ಕಾಳು ಕಡಿದು ನೋಡಿದೆ, ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಸಂತೋಷಕ್ಕೋ, ಎರಡಕ್ಕೂ ಇರಬೇಕು.

ಸಂಕ್ರಾಂತಿ ದಿನ ನನ್ನ ಹೆಂಡತಿ ಅಂಗಡಿ ಮೆಣಸಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಮಗಳ ಹತ್ರ ಕೊಟ್ಟಳು. ನನ್ನ ಮೇಲೆ ಅಷ್ಟು ನಂಬಿಕೆ. ಅಕ್ಕಿ, ಹೆಸರುಬೇಳೆ ಬೆಂದವು. ತುಪ್ಪ ಕಾದು, ಜೀರಿಗೆ ಚಟಪಟ ಅಂದು, ಅದರ ಹಿಂದೆ ನನ್ನ ಮೆಣಸು ಬಿತ್ತು, ಹಾಗೇ ಇಡಿ ಇಡಿಯಾಗಿ. ಆ ಘಮ ಬೀದಿ ಕೊನೆ ತನಕ ಹೋಯ್ತು ಅಂತ ಮೇಷ್ಟ್ರೇ ಹೇಳಿದರು, ನಾನು ಹೇಳಿದ್ದಲ್ಲ.

ಬಾಮೈದನನ್ನು ಬನ್ನಿಮಂಟಪದಿಂದ ಕರೆಸಿದ್ದೆ. ಮೇಷ್ಟ್ರು, ಅಜ್ಜಿ, ನನ್ನ ಮಗಳು, ಎಲ್ಲ ಸಾಲಾಗಿ ಕೂತರು. ನನ್ನ ಹೆಂಡತಿ ಎಲ್ಲರಿಗೂ ಬಡಿಸಿ ತಾನೂ ಕೂತಳು. ಕೂತವಳು ಮೊದಲ ತುತ್ತು ಬಾಯಿಗಿಟ್ಟು, "ಆಯ್ತು ಕಣ್ರೀ, ಷರತ್ತು ಗೆದ್ರಿ. ಮರ ಉಳೀತು" ಅಂದಳು. ನನಗೆ ಆ ಮಾತು ಕೇಳಿ ಎದೆ ತುಂಬಿಬಂತು. ಊಟ ಮಾಡ್ತಾ ಮಾಡ್ತಾ ಬಳ್ಳಿಯ ಕಥೆ ಶುರು ಮಾಡಿದೆ. ಯಾದವಗಿರಿಯಿಂದ ಹಿಡಿದು ಸುಣ್ಣದ ಎರಡನೇ ಕೋಟಿನ ತನಕ ಒಂದೂ ಬಿಡದೆ ಹೇಳಿದೆ. ಎಲ್ಲರೂ ಹೂಂ ಹೂಂ ಅನ್ನುತ್ತಾ ಉಂಡರು.

ಕಥೆ ಮುಗಿಸಿ ತಲೆ ಎತ್ತಿ ನೋಡ್ತೀನಿ, ಮೇಷ್ಟ್ರ ತಟ್ಟೆಯ ಅಂಚಿನಲ್ಲಿ ಮೆಣಸಿನ ಕಾಳು ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ.

"ಮೇಷ್ಟ್ರೇ! ಏನಿದು?"

"ಘಮ ಎಲ್ಲ ಪೊಂಗಲಿಗೆ ಇಳಿದಿದೆ ಕಂಡಕ್ಟ್ರೇ. ಇನ್ನು ಕಾಳಿನ ಕೆಲಸ ಮುಗೀತಲ್ಲ."

ಮಗಳ ತಟ್ಟೆ ನೋಡಿದೆ. ಅಲ್ಲೂ ಗುಡ್ಡೆ. "ಏನೇ ಇದು?" ಅಂದೆ. "ಅಪ್ಪ, ಪೊಂಗಲಲ್ಲಿರೋ ಮೆಣಸು ಯಾರಾದ್ರೂ ತಿಂತಾರಾ?" ಅಂತ ನನ್ನನ್ನೇ ಕೇಳಿದಳು. ಬಾಮೈದ ಬಹಳ ಬುದ್ಧಿವಂತ, ಕಾಳುಗಳನ್ನೆಲ್ಲ ಕರಿಬೇವಿನ ಎಲೆ ಕೆಳಗೆ ಬಚ್ಚಿಟ್ಟಿದ್ದ. ಎಲೆ ಎತ್ತಿ ತೋರಿಸಿದೆ. "ಪಿತ್ತ ಭಾವ" ಅಂದ. ಅಜ್ಜಿಯ ಹತ್ರ ಹೋದೆ. ಅಡಿಕೆ ಅಗಿಯೋ ಬಾಯಿ, ಇವರಾದರೂ ತಿಂದಿರ್ತಾರೆ ಅಂದುಕೊಂಡೆ. ಅವರು ಕಾಳುಗಳನ್ನು ನೆಲದ ಮೇಲೇ ಇಟ್ಟಿದ್ದರು. "ಎಲೆ ಅಗಿಯೋ ಅಲ್ಲು ಬ್ಯಾರೆ, ಮೆಣಸು ಅಗಿಯೋ ಅಲ್ಲು ಬ್ಯಾರೆ ಕಣಪ್ಪ" ಅಂದರು.

ಕೊನೆಗೆ ಹೆಂಡತಿಯ ತಟ್ಟೆ ನೋಡಿದೆ. ಸ್ವಚ್ಛ. ಒಂದೇ ಒಂದು ಕಾಳಿಲ್ಲ. ಆ ತಟ್ಟೆಯನ್ನು ಎತ್ತಿ ಹಿಡಿದೆ.

"ನೋಡಿ, ಎಲ್ಲರೂ ನೋಡಿ! ಮರ ಕಡಿಸ್ತೀನಿ ಅಂದವಳು ಇವಳು. ನನ್ನ ಕಷ್ಟ ಅರ್ಥ ಮಾಡ್ಕೊಂಡು ಒಂದು ಕಾಳೂ ಬಿಡದೆ ತಿಂದವಳೂ ಇವಳೊಬ್ಬಳೇ."

"ನಾನೆಲ್ಲಿ ತಿಂದೆ?" ಅಂದಳು. "ಬಡಿಸ್ಕೊಳ್ಳುವಾಗಲೇ ಕಾಳು ಆರಿಸಿ ಪಾತ್ರೆಗೆ ವಾಪಸ್ ಹಾಕ್ದೆ."

ಸಿಟ್ಟು ನೆತ್ತಿಗೇರಿತು. "ಐದು ವರ್ಷ! ಐದು ವರ್ಷ ಬೆವರು ಸುರಿಸಿದೀನಿ! ಮರ್ಯಾದೆ ಇಲ್ಲದ ಜನ! ಒಬ್ಬರಿಗೂ ಒಂದು ಕಾಳು ಅಗಿಯೋ ಯೋಗ್ಯತೆ ಇಲ್ಲ! ಇವರಿಗೋಸ್ಕರ ಬೆಳೆದೆನಲ್ಲ ನಾನು! ತನ್ನಿ ಕೊಡಲಿ, ಈಗಲೇ, ನಾನೇ ಕಡೀತೀನಿ ಆ ಮರಾನ!"

ಮೇಷ್ಟ್ರು ತಲೆ ತಗ್ಗಿಸಿದರು. ಬಾಮೈದ ನಿಧಾನಕ್ಕೆ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. ನನ್ನ ಹೆಂಡತಿ ಮಾತ್ರ ತಣ್ಣಗೆ ನೀರು ಕುಡಿದು ಲೋಟ ಕೆಳಗಿಟ್ಟಳು.

"ಕೊಡಲಿ ಹಿತ್ತಲಲ್ಲಿದೆ, ತರ್ತೀನಿ. ಅದಕ್ಕೆ ಮುಂಚೆ ನಿಮ್ಮ ತಟ್ಟೆ ಒಂದು ಸಲ ನೋಡ್ಕೊಳ್ಳಿ."

ನೋಡಿಕೊಂಡೆ. ಎಲ್ಲರೂ ಕತ್ತು ಚಾಚಿ ನೋಡಿದರು. ಕಥೆ ಹೇಳ್ತಾ ಹೇಳ್ತಾ ಕೈ ತನ್ನ ಪಾಡಿಗೆ ಐವತ್ತು ವರ್ಷದ ಅಭ್ಯಾಸದ ಕೆಲಸ ಮಾಡಿ ಮುಗಿಸಿತ್ತು. ತಟ್ಟೆಯ ಅಂಚಿಗೆ ಹತ್ತೊಂಬತ್ತು ಕಾಳು. ಮೇಷ್ಟ್ರದ್ದು ಬರೀ ಹನ್ನೊಂದು.